ಕೋರ್ಟಿನ ಹುಡುಗರು

ಮೊನ್ನೆ ಸಂಡೂರಿನಿಂದ ಹೊಸಪೇಟೆಗೆ ಬಸ್ಸಿನಲ್ಲಿ ಬರುತ್ತಿದ್ದಾಗ ಮಳೆ ಹಿಡಿಯಿತು. ವರ್ಷದ ಮೊದಲ ಮಳೆ. ಕಿಟಕಿಯ ಗಾಜು ಎಳೆಯಲು ಹೋದವಳು ಹಾಗೇ ಕೈ ಬಿಟ್ಟೆ. ರಸ್ತೆಯ ಪಕ್ಕದಲ್ಲಿ ಹಿಂದೆ ಅದಿರಿನ ಗುಡ್ಡೆಗಳನ್ನು ಪೇರಿಸುತ್ತಿದ್ದ ಒಂದು ಬಯಲು ಇದೆ. ಈಗ ಅಲ್ಲಿ ಜಾಲಿ ಬೆಳೆದಿದೆ, ಕುರಿ ಮೇಯುತ್ತವೆ. ಆದರೆ ನೆಲಕ್ಕೆ ನೀರು ಬಿದ್ದದ್ದೇ ತಡ, ಒಳಗಿನಿಂದ ಆ ಹಳೆಯ ವಾಸನೆ ಎದ್ದು ಬಂತು. ಮಣ್ಣಿನ ವಾಸನೆಯಲ್ಲ ಅದು. ಕಬ್ಬಿಣದ ಬಾಣಲೆಯನ್ನು ತೊಳೆದು, ಒರೆಸದೆ ಬೋರಲು ಹಾಕಿಟ್ಟರೆ ಮಾರನೆಯ ದಿನ ಬರುತ್ತದಲ್ಲ, ಆ ವಾಸನೆ. ಪಕ್ಕದ ಸೀಟಿನ ಹೆಣ್ಣುಮಗಳು ನೀರು ಒಳಗೆ ಬರುತ್ತಿದೆ ಎಂದು ಗೊಣಗಿದಳು. ಗಾಜು ಎಳೆದೆ. ಅಷ್ಟರಲ್ಲಿ ಆ ಒಂದು ವರ್ಷ ಪೂರ್ತಿ ಒಳಗೆ ಬಂದು ನನ್ನ ಪಕ್ಕ ಕೂತಾಗಿತ್ತು.

ಆಗ ನಾನು ಹೊಸಪೇಟೆಯಲ್ಲಿ ಪ್ರೊಬೇಷನ್ ಅಧಿಕಾರಿ. ಹಾಗೆಂದರೇನು ಎಂದು ನಮ್ಮ ಬಂಧುಬಳಗಕ್ಕೆ ಕೊನೆಯವರೆಗೂ ಅರ್ಥವಾಗಲಿಲ್ಲ. ನಾನು ಯಾವುದೋ ಬ್ಯಾಂಕಿನಲ್ಲಿ ಇನ್ನೂ ಕಾಯಂ ಆಗಿಲ್ಲ ಎಂದೇ ನಮ್ಮತ್ತೆ ಊರಿಗೆಲ್ಲ ಹೇಳಿದ್ದರು. ಕೆಲಸ ಇಷ್ಟೇ: ಮೊದಲ ಸಲ ತಪ್ಪು ಮಾಡಿ ಸಿಕ್ಕಿಬಿದ್ದ ಹರೆಯದವರನ್ನು ಜೈಲಿಗೆ ಕಳಿಸುವ ಬದಲು, ಇಂತಿಷ್ಟು ಕಾಲ ಒಳ್ಳೆಯ ನಡತೆಯಿಂದ ಇರುತ್ತೇನೆ ಎಂದು ಕೋರ್ಟು ಮುಚ್ಚಳಿಕೆ ಬರೆಸಿಕೊಂಡು ಬಿಡುತ್ತದೆ. ಬರೆದುಕೊಟ್ಟವರು ಹಾಗೆ ಇದ್ದಾರೋ ಇಲ್ಲವೋ ಎಂದು ನೋಡಿ ವರದಿ ಕೊಡುವವಳು ನಾನು. ಅಂದರೆ ಅನುಮಾನಪಡುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ಕೊಡದಿದ್ದರೂ ಪಡುತ್ತಿದ್ದೆ, ಆ ಮಾತು ಬೇರೆ. ಹಾಲಿನವನು ಹಾಲು ಅಳೆಯುವಾಗ ಅವನ ಹೆಬ್ಬೆರಳು ಅಳತೆಯ ಒಳಗಿದೆಯೋ ಹೊರಗಿದೆಯೋ ಎಂದು ನೋಡುವವರ ಪೈಕಿ ನಾನು. ನೀನು ದೇವರ ತೀರ್ಥವನ್ನೂ ಮೂಸಿ ನೋಡಿಯೇ ಕುಡಿಯುವವಳು ಎಂದು ನಮ್ಮಪ್ಪ ಬೈಯುತ್ತಿದ್ದರು.

ಆ ವರ್ಷ ನಮ್ಮ ಊರು ಅದಿರಿನ ಧೂಳಿನಿಂದ ಕೆಂಪಗಿತ್ತು. ಸಂಡೂರು ರಸ್ತೆಯಲ್ಲಿ ಲಾರಿಯ ಹಿಂದೆ ಲಾರಿ ಮೂತಿಗೆ ಬಾಲ ತಾಗುವಂತೆ ನಿಂತಿರುತ್ತಿದ್ದವು. ಬೇವಿನ ಎಲೆ ಕೆಂಪು, ಒಗೆದು ಹರವಿದ ಪಂಚೆ ಕೆಂಪು, ಎಮ್ಮೆಯ ಬೆನ್ನು ಕೆಂಪು. ಮೊನ್ನೆಮೊನ್ನೆಯವರೆಗೆ ಜೋಳ ಬಿತ್ತುತ್ತಿದ್ದವರು ಹೊಲವನ್ನು ಅದಿರು ಸುರಿಯುವ ಯಾರ್ಡಿಗೆ ಬಾಡಿಗೆ ಕೊಟ್ಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಟೆಲ್ಲುಗಳಲ್ಲಿ ಕೂತಿರುತ್ತಿದ್ದರು. ಅವರ ಮಕ್ಕಳು ಕಾಲೇಜಿಗೆ ಹೆಸರು ಹಚ್ಚಿ, ಬೈಕು ಕೊಡಿಸಿಕೊಂಡು, ಕಾಲೇಜಿನ ಗೇಟಿನ ಹೊರಗೆ ಮಾತ್ರ ತಪ್ಪದೆ ಹಾಜರಿರುತ್ತಿದ್ದರು. ಊರು ಸುಧಾರಿಸಿತು ಎಂದು ಎಲ್ಲರೂ ಹಿಗ್ಗುತ್ತಿದ್ದರು. ಇಷ್ಟು ಬೇಗ ಬಂದ ದುಡ್ಡು ಇನ್ಯಾರದೋ ಮನೆಯಿಂದ ಎದ್ದೇ ಬಂದಿರಬೇಕು ಎಂದು ನನಗೆ ಗುಮಾನಿ.

ಕಮಲಾಪುರ, ಮಲಪನಗುಡಿ ಕಡೆಯಿಂದ ಹುಡುಗಿಯರನ್ನು ಕಾಲೇಜಿಗೆ ತರುವ ಒಂದು ಬೆಳಗಿನ ಬಸ್ಸು ಇತ್ತು. ಅದರ ಮುಂದೆ ಹಿಂದೆ ಮೂರು ಬೈಕುಗಳು ಸುತ್ತು ಹಾಕುವುದು, ಕಿಟಕಿಗೆ ಬಡಿಯುವುದು, ಹುಡುಗಿಯರ ದುಪ್ಪಟ್ಟಾ ಹೊರಗೆ ಹಾರಿದರೆ ಎಳೆಯುವುದು ದಿನದ ಕಾರ್ಯಕ್ರಮವಾಗಿತ್ತು. ಒಂದು ದಿನ ಕಂಡಕ್ಟರು ಇಳಿದು ಬಾಯಿಗೆ ಬಂದಂತೆ ಬೈದ. ಹುಡುಗರು ಬಸ್ಸಿನ ಗಾಜು ಒಡೆದು, ಅವನ ಕೈ ಮುರಿದರು. ಆರು ಜನ. ಎಲ್ಲರೂ ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದರವರು. ಅವರ ಮುಖಂಡ ಮಲ್ಲಿ. ಅಪ್ಪ ಇಟ್ಟ ಹೆಸರು ಮಲ್ಲಿಕಾರ್ಜುನ, ಬೈಕಿನ ಮೇಲೆ ಬರೆಸಿದ್ದು ಮಲ್ಲಿ. ಸಂಡೂರು ರಸ್ತೆಯಲ್ಲಿ ಅಪ್ಪನ ಹೊಲವಿದ್ದ ಕಡೆ ಈಗ ಯಾರ್ಡು. ಎಲ್ಲರಿಗಿಂತ ಚಿಕ್ಕವನು ಜಂಬಣ್ಣ. ಅವನದು ಸ್ವಂತ ಬೈಕೂ ಅಲ್ಲ, ಹಿಂದಿನ ಸೀಟು. ತಾಯಿ ಹುಲಿಗೆಮ್ಮ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ತಂದೆ ಲಾರಿ ಹತ್ತಿ ಹೋದವನು ಬೇರೆ ಊರಲ್ಲಿ ಸಂಸಾರ ಹೂಡಿದ್ದ.

ಮ್ಯಾಜಿಸ್ಟ್ರೇಟರು ಮೈಸೂರು ಕಡೆಯವರು, ಹೊಸಬರು, ಒಳ್ಳೆಯವರು. ಒಳ್ಳೆಯವರು ಎಂದರೆ ನನಗೆ ಸ್ವಲ್ಪ ಭಯವೇ. ಹುಡುಗರ ಭವಿಷ್ಯ ಹಾಳಾಗಬಾರದು ಎಂದು ಅವರು ಒಂದು ವರ್ಷದ ಮುಚ್ಚಳಿಕೆ ಬರೆಸಿಕೊಂಡರು. ಬೈಕು ಮುಟ್ಟಬಾರದು, ಕಾಲೇಜಿನ ಹತ್ತಿರ ಸುಳಿಯಬಾರದು, ಪ್ರತಿ ಭಾನುವಾರ ಬೆಳಿಗ್ಗೆ ಆರೂ ಜನ ಪೊಲೀಸ್ ಸ್ಟೇಷನ್ನಿಗೆ ಬಂದು ಸಹಿ ಹಾಕಬೇಕು. ತಪ್ಪಿದರೆ ಜೈಲು. ಊರಿನಲ್ಲಿ ಎಲ್ಲರೂ ಭೇಷ್ ಎಂದರು. ಚೇಂಬರಿಗೆ ಕರೆದು ಮ್ಯಾಜಿಸ್ಟ್ರೇಟರು ನನಗೊಂದು ಮಾತು ಹೇಳಿದರು. ಇಂಥ ಆದೇಶಕ್ಕೆ ಹುಡುಗರು ಬಗ್ಗುತ್ತಾರೋ ಇಲ್ಲವೋ ಎಂಬುದನ್ನು ಈ ಒಂದು ಕೇಸಿನಲ್ಲಿ ಚೆನ್ನಾಗಿ ನೋಡಿ ಬರೆಯಬೇಕು, ಫಲ ಕೊಟ್ಟರೆ ಇನ್ನು ಮುಂದೆ ಇಂಥ ಹುಡುಗರಿಗೆಲ್ಲ ಇದನ್ನೇ ಮಾಡುವುದಾಗಿ ಹೇಳಿದರು. ನಾನು ಆಗಲಿ ಸರ್ ಎಂದು ಬಂದೆ.

ಜಂಬಣ್ಣನ ಮನೆಗೆ ಮೊದಲ ಸಲ ಹೋದಾಗ ಹುಲಿಗೆಮ್ಮ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಕೈಯ ತುಂಬ ಜೋಳದ ಹಿಟ್ಟು. ನಾನು ಯಾರು, ಯಾಕೆ ಬಂದೆ ಎಂದು ವಿವರಿಸಿದೆ. ಆಕೆಯ ಮುಖ ನೋಡಿದರೆ, ನಾನು ಸ್ಟೀಲ್ ಪಾತ್ರೆ ಮಾರಲು ಬಂದವಳು, ಸ್ವಲ್ಪ ಸದರ ಕೊಟ್ಟರೆ ಒಳಗೆ ಬಂದು ಕೂತೇ ಬಿಡುತ್ತೇನೆ ಎನ್ನುವಂತಿತ್ತು.

"ಮುಚ್ಚಳಿಕಿ ಅಂದ್ರ ಮುಚ್ಚಿ ಹೋತು ಅಂತ ಅಲ್ಲೇನ್ರಿ? ಮುಚ್ಚಿದ್ದನ್ನ ಮತ್ತ ಯಾಕ ತೆಗೀತೀರಿ?" ಎಂದರು.

ನನಗೆ ನಗು ಬಂತು, ನಗಲಿಲ್ಲ. ಮುಚ್ಚಿಲ್ಲಮ್ಮ, ಈಗ ಶುರುವಾಗಿದೆ, ಭಾನುವಾರ ತಪ್ಪಿದರೆ ಮಗ ಒಳಗೆ ಹೋಗುತ್ತಾನೆ ಎಂದೆ. ಆಯ್ತು ಆಯ್ತು ಎಂದು ತಲೆ ಆಡಿಸಿ ಬಾಗಿಲು ಹಾಕಿಕೊಂಡರು. ನನ್ನ ಮಾತನ್ನು ಎಳ್ಳಷ್ಟೂ ನಂಬಿರಲಿಲ್ಲ. ನಾನೂ ಆಕೆಯ ಆಯ್ತನ್ನು ನಂಬಲಿಲ್ಲ. ಹಾಗಾಗಿ ಸಮ ಸಮ ಆಯಿತು.

ಮಳೆಗಾಲ ಬಂತು. ಧೂಳು ಹೋಗಿ ಕೆಸರಾಯಿತು. ಡ್ಯಾಮು ತುಂಬಿ ಗೇಟು ತೆಗೆದರು, ಊರಿಗೆ ಊರೇ ನೀರು ನೋಡಲು ಹೋಯಿತು. ಆ ದಿನಗಳಲ್ಲಿ ಬೆಳಗಿನ ಬಸ್ಸು ಹೂವು ಎತ್ತಿಟ್ಟಷ್ಟು ಹಗುರಾಗಿ ಬಂದು ಹೋಗುತ್ತಿತ್ತು. ಒಂದು ಬೈಕಿಲ್ಲ, ಒಂದು ಸಿಳ್ಳಿಲ್ಲ. ಮಲ್ಲಿ ಮತ್ತು ಅವನ ನಾಲ್ವರು ಗೆಳೆಯರು ನನ್ನ ಆಫೀಸಿಗೆ ಬಂದರೆ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದರು. ಆರೋಗ್ಯ ಹೇಗಿದೆ ಮೇಡಂ ಎಂದು ನನ್ನನ್ನೇ ವಿಚಾರಿಸುತ್ತಿದ್ದರು. ಸ್ಟೇಷನ್ನಿನ ರೈಟರ್ ಅಂತೂ ಇವರಂಥ ಹುಡುಗರನ್ನು ತನ್ನ ಸರ್ವಿಸಿನಲ್ಲೇ ಕಂಡಿಲ್ಲ ಎಂದ. ಭಾನುವಾರ ಹತ್ತಕ್ಕೆ ಬನ್ನಿ ಎಂದರೆ ಒಂಬತ್ತೂವರೆಗೇ ಐದೂ ಜನ ಬಂದಿರುತ್ತಾರಂತೆ. ಜಂಬಣ್ಣ ಮಾತ್ರ ಸೋಮಾರಿ, ಬಂದರೆ ಬಂದ ಇಲ್ಲದಿದ್ದರೆ ಇಲ್ಲ, ಬಂದರೂ ಹಿಂದಿನ ಗೇಟಿನಿಂದ ಹೋಗುತ್ತಾನೆ, ಅವನೊಬ್ಬ ಕೊಳೆತ ಹಣ್ಣು ಎಂದ.

ಅಲ್ಲಿಗೆ ನನ್ನ ಕಿವಿ ನೆಟ್ಟಗಾದವು. ನನ್ನ ತಮ್ಮ ಅದೇ ವಯಸ್ಸಿನವನಿದ್ದ. ಭಾನುವಾರ ಅವನನ್ನು ಎಬ್ಬಿಸಬೇಕಾದರೆ ನಮ್ಮವ್ವ ಹಾಸಿಗೆಯನ್ನೇ ಎಳೆಯಬೇಕಾಗುತ್ತಿತ್ತು. ಲೋಕದ ಯಾವ ಹುಡುಗ ಭಾನುವಾರ ಅರ್ಧ ಗಂಟೆ ಮೊದಲೇ ಪೊಲೀಸ್ ಸ್ಟೇಷನ್ನಿಗೆ ಬರುತ್ತಾನೆ? ಹೆದರಿದವನು ಕಾಲೆಳೆಯುತ್ತಾ ಬರುತ್ತಾನೆ, ತಡ ಮಾಡುತ್ತಾನೆ, ನೆಪ ಹೇಳುತ್ತಾನೆ. ಓಡಿ ಬರುವವನಿಗೆ ಅಲ್ಲಿ ಏನೋ ಸಿಗುತ್ತಿರಬೇಕು. ಮ್ಯಾಜಿಸ್ಟ್ರೇಟರಿಗೆ ಇದನ್ನು ಹೇಳಿದರೆ ನಕ್ಕರು. ನೀವು ಒಳ್ಳೆಯದನ್ನೂ ಒಪ್ಪುವುದಿಲ್ಲವಲ್ಲ ಮೇಡಂ ಎಂದರು. ಅಷ್ಟರಲ್ಲಿ ಜಂಬಣ್ಣ ಬರುವುದನ್ನು ಪೂರ್ತಿ ನಿಲ್ಲಿಸಿದ್ದ. ಮನೆಗೆ ಹೋದರೆ ಬೀಗ. ಖಾನಾವಳಿಯಲ್ಲಿ ಕೇಳಿದರೆ ಹುಲಿಗೆಮ್ಮ ಕೆಲಸ ಬಿಟ್ಟಿದ್ದರು.

ಒಂದು ಭಾನುವಾರ ಸ್ಟೇಷನ್ನಿನ ಎದುರಿನ ಟೇಲರ್ ಅಂಗಡಿಯಲ್ಲಿ ಬ್ಲೌಸಿನ ಅಳತೆ ಕೊಡುವ ನೆಪದಲ್ಲಿ ಕೂತೆ. ಟೇಲರಮ್ಮನಿಗೆ ಅದೇ ಅಳತೆಯನ್ನು ಮತ್ತೆ ಮತ್ತೆ ತೆಗೆಯಬೇಕಾಯಿತು, ಪಾಪ. ಒಂದು ಜೀಪು ಬಂದು ಸ್ಟೇಷನ್ನಿನ ಗೇಟಿನ ಪಕ್ಕ ನಿಂತಿತು. ಬಾಗಿಲ ಮೇಲೆ ಕೆಂಪು ಧೂಳು, ಗಾಜಿಗೆ ಕಪ್ಪು ಹಾಳೆ. ಅದರಿಂದ ಮಲ್ಲಿ ಮತ್ತು ನಾಲ್ವರು ಇಳಿದರು, ಒಳಗೆ ಹೋದರು, ಸಹಿ ಹಾಕಿದರು, ಹೊರಗೆ ಬಂದರು, ಅದೇ ಜೀಪು ಹತ್ತಿದರು. ಇಡೀ ಕೆಲಸ ಎಷ್ಟು ಅಚ್ಚುಕಟ್ಟು ಎಂದರೆ, ಶಾಲೆಯ ವ್ಯಾನು ಮಕ್ಕಳನ್ನು ಕರೆದೊಯ್ದಂತಿತ್ತು. ಜೀಪು ಸಂಡೂರಿನ ಕಡೆ ತಿರುಗಿತು. ಕೋರ್ಟು ಬೈಕು ಮುಟ್ಟಬಾರದು ಎಂದಿತ್ತು. ಜೀಪಿನ ಮಾತು ಆದೇಶದಲ್ಲಿ ಇರಲಿಲ್ಲ.

ಅದಾದ ಕೆಲವು ದಿನಗಳಿಗೆ ಬೇರೊಂದು ಕೇಸಿನ ವಿಚಾರಣೆಗೆಂದು ಸಂಡೂರು ತಾಲ್ಲೂಕಿನ ಬಂಡ್ರಿಗೆ ಹೋದೆ. ಮಳೆ ಹಿಂದೆ ಸರಿದು ಮತ್ತೆ ಧೂಳು ಎದ್ದಿತ್ತು. ಮೆಕ್ಕೆಜೋಳದ ಹೊಲಗಳು ಮೇಲಿನಿಂದ ಕೆಳಗಿನವರೆಗೆ ಕೆಂಪು ಬಳಿದುಕೊಂಡು ನಿಂತಿದ್ದವು. ಊರಿನವರು ಅದಿರಿನ ಲಾರಿಗಳನ್ನು ತಡೆದು, ರಸ್ತೆಗೆ ನೀರು ಹೊಡೆಸಿ ಎಂದು ಕೂತಿದ್ದರಂತೆ, ಈಗ ಯಾಕೋ ಎದ್ದು ಹೋಗಿದ್ದರು. ಈರಣ್ಣ ಎಂಬ ಹಿರಿಯ ರೈತ ಕಟ್ಟೆಯ ಮೇಲೆ ಕೂತಿದ್ದ. ನಾನು ಕೋರ್ಟಿನ ಕೆಲಸದ ಮೇಲೆ ಬಂದವಳು ಎಂದದ್ದೇ ಅವನ ಮುಖ ಕೆಟ್ಟುಹೋಯಿತು.

"ಮತ್ತ ಯಾಕ ಬಂದ್ರಿ? ನಿಮ್ಮ ಕೋರ್ಟಿನ ಹುಡುಗ್ರು ಬಂದು ಹೇಳಿ ಹೋಗ್ಯಾರಲ್ರಿ. ಇನ್ನ ಲಾರಿ ತಡಿಯಂಗಿಲ್ಲ ಬಿಡ್ರಿ."

ಯಾವ ಕೋರ್ಟಿನ ಹುಡುಗರು ಎಂದು ಕೇಳಿದೆ. ಅವನು ಹೇಳುತ್ತಾ ಹೋದಂತೆ ನನಗೆ ಕೂತ ಕಟ್ಟೆ ಸುಡತೊಡಗಿತು. ಜೀಪಿನಲ್ಲಿ ಬಂದರಂತೆ. ನಾವು ಕೋರ್ಟಿನವರು, ವಾರ ವಾರ ಸ್ಟೇಷನ್ನಿನಲ್ಲಿ ನಮ್ಮ ಸಹಿ ಬೀಳುತ್ತದೆ ಎಂದರಂತೆ. ಸಿಂಹದ ಮುದ್ರೆಯ ಕಾಗದ ತೋರಿಸಿದರಂತೆ. ಲಾರಿ ತಡೆದವರ ಹೆಸರು ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ ಎಂದರಂತೆ. ತಿರುಗಿ ಮಾತಾಡಿದ ಒಬ್ಬನನ್ನು ಎಲ್ಲರೆದುರು ಕಪಾಳಕ್ಕೆ ಹೊಡೆದರಂತೆ. ಇಷ್ಟು ಹೇಳಿ ಈರಣ್ಣ, ಅವರಲ್ಲಿ ಒಬ್ಬ ಸಣ್ಣ ಹುಡುಗ ಇದ್ದ, ಅವನು ಜೀಪಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡ, ಕೋರ್ಟಿನ ಕೆಲಸ ಅವನಿಗೆ ಒಗ್ಗಲಿಲ್ಲ ಕಾಣುತ್ತದೆ ಎಂದ.

ಅವರು ತೋರಿಸಿದ್ದು ಒಳ್ಳೆಯ ನಡತೆಯ ಆದೇಶದ ನಕಲು. ಇನ್ನೇನಿದ್ದೀತು? ಕಂಡಕ್ಟರನ ಕೈ ಮುರಿದ ತಪ್ಪಿಗೆ ಕೊಟ್ಟ ಕಾಗದವನ್ನು ಹಿಡಿದು ಒಂದು ಊರಿನ ಬಾಯನ್ನೇ ಮುಚ್ಚಿಸಿದ್ದರು. ನನಗೆ ಎಂಥ ಸಿಟ್ಟು ಬಂತೆಂದರೆ, ಅಲ್ಲೇ ಯಾರನ್ನಾದರೂ ಹಿಡಿದು ಬಡಿಯಬೇಕು ಅನ್ನಿಸಿತು. ಅವರು ಕೋರ್ಟಿನವರಲ್ಲ, ಕೋರ್ಟಿನಲ್ಲಿ ನಿಂತವರು ಎಂದು ಈರಣ್ಣನಿಗೆ ಹೇಳಿದೆ. ದೂರು ಬರೆದು ಕೊಡು, ನಾನು ನಿಂತು ನೋಡಿಕೊಳ್ಳುತ್ತೇನೆ ಎಂದೆ. ಅವನು ನನ್ನನ್ನೇ ಸಂಶಯದಿಂದ ನೋಡಿದ. ಮೊದಲು ಬಂದವರೂ ಕೋರ್ಟು, ಈಗ ಬಂದವಳೂ ಕೋರ್ಟು, ಯಾವ ಕೋರ್ಟನ್ನು ನಂಬಿ ಬರೆಯಲಿ ಎಂದು ಅವನ ಕಣ್ಣೇ ಹೇಳಿತು. ಊರಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ಮಲ್ಲಿಯನ್ನು ಆಫೀಸಿಗೆ ಕರೆಸಿದೆ. ಸುಳ್ಳು ಹೇಳುತ್ತಾನೆ, ಅಳುತ್ತಾನೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಯಾರ್ಡಿನಲ್ಲಿ ನೌಕರಿ ಸಿಕ್ಕಿದೆ ಎಂದು ಹೆಮ್ಮೆಯಿಂದಲೇ ಹೇಳಿದ. ಬಂಡ್ರಿಗೆ ಹೋದದ್ದನ್ನು ಮಾತ್ರ, ನಾವು ಊರು ನೋಡಲು ಹೋಗಿದ್ದೆವು ಎಂದು ನಕ್ಕ. ಇಷ್ಟು ಜನ ಹುಡುಗರಿರುವಾಗ ಯಾರ್ಡಿನವರಿಗೆ ನೀವೇ ಯಾಕೆ ಬೇಕಾದಿರಿ ಎಂದು ಕೇಳಿದೆ. ನನಗೆ ಅಷ್ಟೂ ತಿಳಿಯದೇ ಎಂಬಂತೆ ನೋಡಿದ.

"ಕೇಸ್ ಇಲ್ದ ಹುಡುಗ್ರು ಭಾಳ ಅದಾರ್ರಿ ಮೇಡಂ. ಅವರ್ನ ನೋಡಿ ಯಾರ್ ಹೆದರ್ತಾರ? ಮ್ಯಾನೇಜರ್ ಮೊದ್ಲ ಕೇಳಿದ್ದ ಅದನ್ನ, ಕೇಸ್ ಐತೇನು ಅಂತ."

ಅವರನ್ನು ಒಟ್ಟಿಗೆ ಹುಡುಕಲು ಮ್ಯಾನೇಜರು ಕಷ್ಟಪಡಬೇಕಾಗಿಯೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಸ್ಟೇಷನ್ನಿನ ಗೇಟಿಗೆ ಜೀಪು ಕಳಿಸಿದರೆ ಸಾಕಿತ್ತು. ಮೊದಲು ಅವರು ಬೈಕಿನ ಮೇಲೆ ಊರು ಸುತ್ತುವ ಉಡಾಳರು, ಅಷ್ಟೇ. ಒಬ್ಬನಿಗೆ ಬೇಜಾರಾದರೆ ಇನ್ನೊಬ್ಬ ಬರುತ್ತಿರಲಿಲ್ಲ. ಅವರನ್ನು ವಾರಕ್ಕೊಮ್ಮೆ ಒಂದೇ ಕಡೆ, ಒಂದೇ ಹೊತ್ತಿಗೆ, ತಪ್ಪದೆ ಕೂಡಿಸಿದ್ದು ನಮ್ಮ ಆದೇಶ.

ಜಂಬಣ್ಣನ ಮೇಲೆ ವಾರಂಟು ಹೊರಡುವ ಮಾತು ಬಂತು. ಸ್ಟೇಷನ್ನಿನವರಿಗೂ ಅವನು ಸಿಕ್ಕಿರಲಿಲ್ಲ. ಹುಲಿಗೆಮ್ಮನ ಹಳೆಯ ಪಕ್ಕದ ಮನೆಯಾಕೆ ನನ್ನ ಕೈಯಲ್ಲಿ ಕೋಲಿಲ್ಲ, ಬೆನ್ನ ಹಿಂದೆ ಪೊಲೀಸರಿಲ್ಲ ಎಂದು ಖಾತ್ರಿಮಾಡಿಕೊಂಡು, ಕಂಪ್ಲಿ ಕಡೆ ಆಲೆಮನೆಯಲ್ಲಿದ್ದಾರೆ ಎಂದಳು. ಚಳಿಗಾಲ, ಕಬ್ಬು ಕಡಿಯುವ ಕಾಲ. ಕಂಪ್ಲಿಯ ಬಸ್ಸು ಹತ್ತಿದೆ. ಕೆಂಪು ಕಳೆದು ಹಸಿರು ಬಂದದ್ದೇ ಕಣ್ಣು ತಂಪಾಯಿತು. ಕಾಲುವೆ, ಬಾಳೆ, ಭತ್ತ. ಆಲೆಮನೆಗಳನ್ನು ಕೇಳುತ್ತಾ ಕೇಳುತ್ತಾ ಕೊನೆಗೆ ಒಂದರ ಒಲೆಯ ಬಾಯಲ್ಲಿ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ ಹುಡುಗನನ್ನು ಕಂಡೆ. ನನ್ನನ್ನು ನೋಡಿದ್ದೇ ಕಬ್ಬಿನ ಗದ್ದೆಗೆ ಓಡಿದ. ಹುಲಿಗೆಮ್ಮ ಎಲ್ಲಿಂದಲೋ ಬಂದು ಎರಡೂ ಕೈ ಸೊಂಟಕ್ಕೆ ಕೊಟ್ಟು ನನ್ನೆದುರು ನಿಂತರು.

ಆಕೆ ಮೊದಲು ಬೈದರು. ಬೈದು ಮುಗಿಸಿ ಅತ್ತರು. ಅತ್ತು ಮುಗಿಸಿ ಹೇಳಿದರು. ಭಾನುವಾರ ಸಹಿ ಹಾಕಲು ಹೋದ ಮಗನನ್ನು ಜೀಪಿನವರು ಬಾ ಲೇ ಎಂದು ಹತ್ತಿಸಿಕೊಳ್ಳುತ್ತಿದ್ದರಂತೆ. ಒಲ್ಲೆ ಎಂದರೆ, ನಿನ್ನ ಸಹಿ ಬಿದ್ದಿಲ್ಲ ಎಂದು ಹೇಳಿಸುತ್ತೇವೆ ಎನ್ನುತ್ತಿದ್ದರಂತೆ. ಬಂಡ್ರಿಗೆ ಹೋಗಿ ಬಂದ ದಿನ ಅವನು ಊಟ ಮಾಡಲಿಲ್ಲ, ಮರುದಿನವೂ ಮಾಡಲಿಲ್ಲ. ಆಗ ಹುಲಿಗೆಮ್ಮ, ಹೇಗೂ ಕೇಸು ಮುಚ್ಚಿದೆ ಎಂದು ಗಂಟುಮೂಟೆ ಕಟ್ಟಿ ತನ್ನ ಅಕ್ಕನ ಊರಿಗೆ ಕರೆತಂದಿದ್ದರು. ನಾನು ಹೇಳಿದ್ದನ್ನು ಆಕೆ ಅಂದು ನಂಬಿದ್ದರೆ ಮಗ ಜೀಪಿನಲ್ಲಿರುತ್ತಿದ್ದ.

ಸ್ವಲ್ಪ ಹೊತ್ತಿಗೆ ಹುಡುಗ ಕಬ್ಬಿನ ಸಾಲಿನಿಂದ ಹೊರಗೆ ಬಂದು ದೂರದಲ್ಲೇ ನಿಂತ. ಕಂಡಕ್ಟರನ ವಿಷಯವನ್ನು ತಾನಾಗಿಯೇ ಎತ್ತಿದ. ಆ ಮುರಿದ ಕೈಯನ್ನು ಹಿಡಿದುಕೊಂಡಿದ್ದವನು ತಾನೇ ಎಂದು ತಲೆ ತಗ್ಗಿಸಿ ಹೇಳಿದ. ಯಾರೂ ಕೇಳದೆ ಹೇಳಿದ ಆ ಒಂದು ಮಾತಿನಿಂದ ನನ್ನ ಅನುಮಾನ ಅರ್ಧ ಇಳಿಯಿತು. ಉಳಿದರ್ಧಕ್ಕೆ ಆಲೆಮನೆಯ ಮಾಲೀಕನನ್ನು ವಿಚಾರಿಸಿದೆ, ಹುಡುಗನ ಮುಂಗೈ ತಿರುಗಿಸಿ ನೋಡಿದೆ. ಬಿಸಿ ಪಾಕ ಸಿಡಿದ ಬೊಬ್ಬೆಗಳಿದ್ದವು, ಹಳೆಯವೂ ಹೊಸವೂ.

"ಸಹಿ ಹಾಕಾಕ ಹೋದ್ರ ಜೀಪ್ ನಿಂತಿರ್ತೈತ್ರಿ. ಹಾಕ್ಲಿಲ್ಲಂದ್ರ ಜೈಲ್ ಐತಿ. ನಾ ಎಲ್ಲಿ ಹೋಗ್ಲಿ, ನೀವ ಹೇಳ್ರಿ ಮೇಡಂ," ಎಂದ.

ಅವನನ್ನು ನಾನೇ ಕೋರ್ಟಿಗೆ ಕರೆತಂದೆ, ವಾರಂಟು ನಿಂತಿತು. ವರ್ಷದ ಗಡುವು ತುಂಬುವವರೆಗೆ ತೀರ್ಮಾನ ಮುಂದಕ್ಕೆ ಹೋಯಿತು. ಅಲ್ಲಿಯವರೆಗೆ ಭಾನುವಾರಗಳಂದು ನಾನೇ ಸ್ಟೇಷನ್ನಿನ ಬಾಗಿಲಲ್ಲಿ ನಿಂತು ಅವನ ಸಹಿ ಹಾಕಿಸಿ, ಕಂಪ್ಲಿಯ ಬಸ್ಸು ಹತ್ತಿಸುತ್ತಿದ್ದೆ. ಜೀಪಿನ ಕಪ್ಪು ಗಾಜು ಸ್ವಲ್ಪ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಒಂದು ಸಲ ಒಳಗಿನಿಂದ ಮ್ಯಾನೇಜರು ನನಗೆ ನಮಸ್ಕಾರವನ್ನೂ ಮಾಡಿದ. ನಮ್ಮ ಮನೆಯಲ್ಲಿ ಇದು ತಿಳಿದು ರಂಪವಾಯಿತು. ಊರ ಉಸಾಬರಿ ನಿನಗ್ಯಾಕೆ ಎಂದು ನಮ್ಮವರು ಕೂಗಾಡಿದರು.

ಮತ್ತೆ ಮಳೆಯ ಮೋಡ ಕಟ್ಟುವ ಹೊತ್ತಿಗೆ ಆರೂ ಜನರನ್ನು ಕೋರ್ಟು ಕರೆಯಿತು. ನನ್ನ ವರದಿಯಲ್ಲಿ ಎಲ್ಲವನ್ನೂ ಬರೆದಿದ್ದೆ. ಐವರು ಆದೇಶವನ್ನು ಅಕ್ಷರಶಃ ಪಾಲಿಸಿದ್ದಾರೆ, ಆದರೆ ಬದಲಾಗಿಲ್ಲ. ಒಬ್ಬ ಆದೇಶವನ್ನು ಮುರಿದಿದ್ದಾನೆ, ಬದಲಾದವನು ಅವನೊಬ್ಬನೇ. ಮ್ಯಾಜಿಸ್ಟ್ರೇಟರು ಓದಿದರು. ಬಂಡ್ರಿಯಿಂದ ದೂರು ಬಂದಿದೆಯೇ ಎಂದು ಕೇಳಿದರು. ಬಂದಿರಲಿಲ್ಲ. ಜೀಪು ಹತ್ತಬಾರದೆಂದು ಆದೇಶವಿತ್ತೇ ಎಂದು ಕೇಳಿದರು. ಇರಲಿಲ್ಲ. ನಿಮ್ಮ ಅನುಮಾನದ ಮೇಲೆ ನಾನು ಯಾರನ್ನೂ ಶಿಕ್ಷಿಸಲಾರೆ ಮೇಡಂ ಎಂದರು. ಅದು ಸರಿಯೇ. ಅದು ಸರಿಯಾಗಿದ್ದದ್ದೇ ನನ್ನ ಹೊಟ್ಟೆ ಉರಿಸಿತು. ಐವರನ್ನೂ ಮುಚ್ಚಳಿಕೆಯಿಂದ ಬಿಡುಗಡೆ ಮಾಡಿ, ನೀವು ಉಳಿದ ಯುವಕರಿಗೆ ಮಾದರಿ ಎಂದು ಎರಡು ಒಳ್ಳೆಯ ಮಾತು ಹೇಳಿದರು. ಮಲ್ಲಿ ಕೈ ಮುಗಿದ.

ಆಮೇಲೆ ಜಂಬಣ್ಣನ ಸರದಿ. ಷರತ್ತು ಮುರಿದದ್ದು ಸ್ಪಷ್ಟವಿತ್ತು. ಬೇಕಿದ್ದರೆ ಜೈಲು, ಇಲ್ಲದಿದ್ದರೆ ಅವಧಿ ಮುಂದುವರಿಸಿ ಅದೇ ಸ್ಟೇಷನ್ನಿನಲ್ಲಿ ಅದೇ ಸಹಿ ಎಂಬ ಮಾತು ನಡೆಯುತ್ತಿತ್ತು. ನಾನು ಎದ್ದು ನಿಂತು ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಹುಲಿಗೆಮ್ಮ ಎದ್ದರು. ಪೇದೆ ಕೂರಿಸಲು ಹೋದ, ಆಕೆ ಕೂರಲಿಲ್ಲ.

"ಸಾಹೇಬ್ರ, ಜೈಲಿಗಾದ್ರೂ ಹಾಕ್ರಿ. ಆ ಸಹಿಗಿ ಮಾತ್ರ ಕಳಸಬ್ಯಾಡ್ರಿ. ಜೈಲಿನಾಗ ನನ್ನ ಮಗ ನನ್ನ ಮಗ ಆಗೇ ಇರ್ತಾನ."

ಮ್ಯಾಜಿಸ್ಟ್ರೇಟರು ಆಕೆಯನ್ನು ನೋಡಿದರು, ನನ್ನ ವರದಿಯನ್ನು ಮತ್ತೊಮ್ಮೆ ತಿರುವಿದರು. ಕೊನೆಗೆ ಆರು ತಿಂಗಳು ಮುಂದುವರಿಸಿ, ಸಹಿ ಕಂಪ್ಲಿಯ ಸ್ಟೇಷನ್ನಿನಲ್ಲಿ ಎಂದರು. ಹೊಸ ಆದೇಶದ ಭಯ ಅವನನ್ನು ದಾರಿಗೆ ತರುತ್ತದೆ ಎಂದು ನನಗೆ ಹೇಳಿದರು. ಒಳ್ಳೆಯ ಮನುಷ್ಯರು, ಕ್ರಮೇಣ ದೊಡ್ಡ ಹುದ್ದೆಗೆ ಹೋದರು ಎಂದು ಕೇಳಿದೆ.

ಹೊರಗೆ ಬಂದರೆ ಬೇವಿನ ಮರದ ಕೆಳಗೆ ಮಲ್ಲಿ ಸಪ್ಪಗೆ ನಿಂತಿದ್ದ. ಬಿಡುಗಡೆಯಾದವನ ಕಳೆಯೇ ಅವನ ಮುಖದಲ್ಲಿರಲಿಲ್ಲ. ನನ್ನ ಹತ್ತಿರ ಬಂದು, ಮುಚ್ಚಳಿಕೆಯನ್ನು ಇನ್ನೊಂದು ವರ್ಷ ಮುಂದುವರಿಸಲು ಅರ್ಜಿ ಹಾಕಬಹುದೇ ಎಂದು ಕೇಳಿದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಅಲ್ಲ. ಮ್ಯಾನೇಜರು ಆಗಲೇ ಬೇರೆ ಹುಡುಗರನ್ನು ನೋಡುತ್ತಿದ್ದನಂತೆ. ಮಲ್ಲಿ ಜಂಬಣ್ಣನ ಭುಜ ಹಿಡಿದು, ನಿನಗೆ ಇನ್ನೂ ಆರು ತಿಂಗಳು ಇದೆಯಲ್ಲೋ ಪುಣ್ಯಾತ್ಮ ಎಂದ. ಆ ಮಾತಿನಲ್ಲಿ ನಿಜವಾದ ಹೊಟ್ಟೆಕಿಚ್ಚಿತ್ತು. ಗೇಟಿನ ಹೊರಗೆ ಜೀಪು ನಿಂತಿತ್ತು. ಅದರೊಳಗಿದ್ದವರು ಈಗ ಮಲ್ಲಿಯನ್ನು ನೋಡುತ್ತಿರಲಿಲ್ಲ. ಆರು ಜನರಲ್ಲಿ ಜೀವಂತ ಕೇಸು ಇದ್ದವನು ಒಬ್ಬನೇ, ಅದೂ ಆದೇಶವನ್ನೇ ಮುರಿದ ಗಂಡು. ಅವರ ಲೆಕ್ಕದಲ್ಲಿ ಅವನ ಬೆಲೆ ಆಗಷ್ಟೇ ಏರಿತ್ತು.

ತಾಯಿಯನ್ನೂ ಮಗನನ್ನೂ ದಬ್ಬಿಕೊಂಡು ಹೋಗಿ ಕಂಪ್ಲಿಯ ಬಸ್ಸು ಹತ್ತಿಸಿದೆ, ನಾನೂ ಹತ್ತಿದೆ. ಜೀಪು ಹಿಂದೆಯೇ ಬಂತು. ಮಲಪನಗುಡಿಯಲ್ಲಿ ಬಸ್ಸು ನಿಂತಾಗ ಜೀಪಿನಿಂದ ಮ್ಯಾನೇಜರು ಇಳಿದು ಬಸ್ಸು ಹತ್ತಿ, ಜಂಬಣ್ಣನ ಪಕ್ಕದಲ್ಲಿ ಕೂತ. ಮೆತ್ತಗೆ, ಸೋದರಮಾವನ ಹಾಗೆ ಮಾತಾಡಿದ. ಆಲೆಮನೆಯಲ್ಲಿ ಕೈ ಸುಟ್ಟುಕೊಳ್ಳುವುದು ಯಾಕೆ, ತಾಯಿ ಎಷ್ಟು ದಿನ ರೊಟ್ಟಿ ಬಡಿಯಬೇಕು, ಕಂಪ್ಲಿಯ ಸ್ಟೇಷನ್ನಿಗೂ ಜೀಪು ಬರುತ್ತದೆ ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗ ಎದ್ದು ನಿಂತ.

"ಒಲ್ಲೆರಿ. ಆ ಬಂಡ್ರಿ ಅಜ್ಜ ನಮ್ಮನ್ನ ಸಾಹೇಬ್ರ ಅಂದ. ಅವತ್ತಿನಿಂದ ನನಗ ನಿದ್ದಿ ಇಲ್ಲ," ಎಂದ.

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮ್ಯಾನೇಜರು ನಕ್ಕು, ಅವನ ಬೆನ್ನು ತಟ್ಟಿ, ಇಳಿದು ಹೋದ. ಜೀಪು ಅಲ್ಲೇ ನಿಂತಿತ್ತು, ತಿರುಗಲಿಲ್ಲ. ಬಸ್ಸು ಹೊರಟು ಕಮಲಾಪುರದ ಕೆರೆ ದಾಟುವವರೆಗೂ ನಾವು ಮೂವರೂ ಹಿಂದಿನ ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಜಂಬಣ್ಣ ಕೂತ. ಆರು ತಿಂಗಳು ಮುಗಿದು ಕೇಸು ತೀರಿದ ಮೇಲೆ ಇವರು ನನ್ನನ್ನು ಹುಡುಕಿಕೊಂಡು ಬರುವುದಿಲ್ಲ ಅಲ್ಲವೇ ಮೇಡಂ ಎಂದು ಕೇಳಿದ.

ಬರುವುದಿಲ್ಲ ಎಂದೆ. ಕೇಸಿಲ್ಲದ ಹುಡುಗ ಅವರಿಗೆ ಯಾಕೆ ಬೇಕು, ಧೈರ್ಯವಾಗಿರು ಎಂದೆ. ಅಧಿಕಾರಿಗಳು ಮಾತಾಡುವ ದನಿಯಲ್ಲೇ ಹೇಳಿದೆ. ಹುಡುಗ ನಂಬಿ, ಕಿಟಕಿಗೆ ತಲೆ ಆನಿಸಿದ. ಹುಲಿಗೆಮ್ಮ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು. ಮೊದಲ ದಿನ ಬಾಗಿಲಲ್ಲಿ ನೋಡಿದ್ದಕ್ಕಿಂತ ಹೆಚ್ಚಿನ ಅನುಮಾನ ಆ ಕಣ್ಣಲ್ಲಿತ್ತು.

"ಬಾಯಿಲೆ ಹೇಳಿದ್ರ ಆಗಂಗಿಲ್ರಿ," ಎಂದರು. "ನಮ್ಮ ಕಡಿಂದ ಎಲ್ಲಾ ಬರಸ್ಕೊಂಡ್ರಿ. ಇದನ್ನ ನೀವು ಬರದ್ ಕೊಡ್ರಿ."

ನನ್ನ ಬ್ಯಾಗಿನಲ್ಲಿ ಕಾಗದವಿತ್ತು, ಪೆನ್ನೂ ಇತ್ತು. ಕಂಪ್ಲಿ ಬರುವವರೆಗೆ ಆಕೆ ಕೈ ಚಾಚಿಕೊಂಡೇ ಕೂತಿದ್ದರು. ನಾನು ಬರೆದುಕೊಡಲಿಲ್ಲ.